ಇಪ್ಪತ್ತು ಹೆಜ್ಜೆ ತಡೆಯಲಾರದ ನಮ್ಮ ಎಮ್ಮೆಗೆ

ಮಾನ್ಯ ಎಮ್ಮೆಯವರೇ,

ಹುಲಗೂರಿನ ನಿವೃತ್ತ ಶಾಲಾ ಮಾಸ್ತರನೂ, ಎರಡು ಹೊತ್ತು ತಮ್ಮ ಹಾಲಿನ ಚಹಾ ಕುಡಿದು ಬದುಕಿರುವವನೂ ಆದ ಬಂದೇಸಾಬನ ಸಲಾಮುಗಳು. ತಾವೂ ತಮ್ಮ ಬಾಲವೂ ಕ್ಷೇಮವೆಂದು ನಂಬಿದ್ದೇನೆ.

ನೆಲದಡಿಯ ಇಂಧನ ಒಂದಲ್ಲ ಒಂದು ದಿನ ತೀರಿಹೋಗುತ್ತದೆ, ಎಮ್ಮೆಯ ಸಗಣಿ ಮಾತ್ರ ದಿನಾ ಹೊಸದಾಗಿ ಹುಟ್ಟುತ್ತದೆ ಎಂದು ಊರೆಲ್ಲ ಭಾಷಣ ಮಾಡಿ, ಹಿತ್ತಿಲಲ್ಲಿ ಗೋಬರ್ ಗ್ಯಾಸಿನ ಗುಂಡಿ ಕಟ್ಟಿಸಿ, ಅಡುಗೆಯ ಸಿಲಿಂಡರನ್ನು ಸವಣೂರಿನ ತಂಗಿಗೆ ಕೊಟ್ಟು ಬಂದವನು ನಾನು. ತಮ್ಮನ್ನು ಒಂದು ಮಾತೂ ಕೇಳಲಿಲ್ಲ, ಅದು ನನ್ನದೇ ತಪ್ಪು.

ತಾವು ಕೆರೆಯಲ್ಲಿ ಮಿಂದು, ಇಡೀ ಊರು ದಾಟಿ ಬಂದು, ಗುಂಡಿಗೆ ಇನ್ನು ಇಪ್ಪತ್ತೇ ಹೆಜ್ಜೆ ಎನ್ನುವಾಗ ನೆರೆಮನೆಯ ಶಾರವ್ವನ ಬಾಗಿಲಲ್ಲಿ ನಿಂತು ಮಾಡುವ ದಾನಕ್ಕೆ ಸಾಟಿಯಿಲ್ಲ. ಬಿದ್ದ ಸಗಣಿಯ ಸುತ್ತ ಯಾರು ಮೊದಲು ಕಾಲ್ಬೆರಳಿನಿಂದ ಗೆರೆ ಎಳೆಯುತ್ತಾರೋ ಅದು ಅವರದು ಎಂಬುದು ನಮ್ಮ ಓಣಿಯ ಕಾನೂನು. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಶಾರವ್ವ ಗೆರೆ ಎಳೆದು ಬುಟ್ಟಿಯನ್ನೂ ತಂದಿರುತ್ತಾಳೆ. ಆಕೆಯ ಗೋಡೆಯ ತುಂಬ ಒಲೆಗೆಂದು ತಟ್ಟಿದ ಸಗಣಿಯ ಕುಳ್ಳು, ನನ್ನ ಗುಂಡಿಯಲ್ಲಿ ಎರಡು ಕಪ್ಪೆ.

ನಮ್ಮ ಒಲೆ ಈಗ ಮೂರನೆಯ ರೊಟ್ಟಿಗೇ ಆರಿಹೋಗುತ್ತದೆ. ಬರುವ ಶುಕ್ರವಾರದೊಳಗೆ ಒಂದೇ ಉರಿಗೆ ಹನ್ನೆರಡು ರೊಟ್ಟಿ ಬೇಯದಿದ್ದರೆ ಸಿಲಿಂಡರ್ ಮನೆಗೆ, ಎಮ್ಮೆ ಸಂತೆಗೆ ಎಂದು ನನ್ನ ಮನೆಯವಳು ಬಾನುಬಿ ತೀರ್ಪು ಕೊಟ್ಟಿದ್ದಾಳೆ. ತಮ್ಮನ್ನು ಕಳಿಸಿಕೊಡಲು ನನಗೆ ನಿಜವಾಗಿಯೂ ಮನಸ್ಸಿಲ್ಲ. ಆದ್ದರಿಂದ ಆ ಇಪ್ಪತ್ತು ಹೆಜ್ಜೆ ತಡೆದುಕೊಳ್ಳುವ, ಗುಂಡಿಯ ಕಡೆಗೇ ಬೆನ್ನು ಮಾಡಿ ನಿಲ್ಲುವ, ಬೀಗರು ಬಂದ ದಿನ ಎರಡು ಪಾಳಿ ದುಡಿಯುವ ಕೃಪೆ ತೋರಬೇಕು.

ಈ ಪಕ್ಷಪಾತದ ಕಾರಣ ತಿಳಿಯಲು ನಿನ್ನೆ ತಮ್ಮ ಹಿಂದೆಯೇ ಬಂದು ನೋಡಿದೆ. ಶಾರವ್ವ ತಮಗಾಗಿ ನೆನೆಸಿದ ಹಿಂಡಿ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು. ಇದನ್ನು ಹೇಳಿದಾಗ ಬಾನುಬಿ ರೊಟ್ಟಿ ಬಡಿಯುತ್ತಲೇ ಅಂದಳು: “ಎಮ್ಮಿಗೆ ಭಾಷಣ ಹಾಕಿದ್ರ ಸಗಣಿ ಬರೂದಿಲ್ರಿ, ಹಿಂಡಿ ಹಾಕ್ರಿ.” ನನಗೆ ನಾಚಿಕೆಯಾಯಿತು. ದಿನಾ ಹುಟ್ಟುವ ಸಂಪತ್ತಿನ ಬಾಯಿಗೂ ದಿನಾ ಏನಾದರೂ ಬೀಳಬೇಕು ಎಂಬ ಪಾಠವನ್ನು ಮೂವತ್ತು ವರ್ಷದ ನೌಕರಿಯಲ್ಲಿ ನಾನು ಮಕ್ಕಳಿಗೆ ಹೇಳಿಯೇ ಇರಲಿಲ್ಲ. ಇಂದಿನಿಂದ ಹಿಂಡಿ ನಮ್ಮ ಮನೆಯಲ್ಲೂ ಸಿಗುತ್ತದೆ.

ಗುಂಡಿಯ ಬಳಿ ಬರಿಗಾಲಲ್ಲೇ ಕಾದು ನಿಂತಿರುವ,
ತಮ್ಮ ವಿಶ್ವಾಸಿ,
ಬಂದೇಸಾಬ

ತಾ.ಕ.: ನಿನ್ನೆ ಸಂಜೆ ಶಾರವ್ವ ಹನ್ನೆರಡು ಬಿಸಿ ರೊಟ್ಟಿ ಕಳಿಸಿದಳು, ಎಲ್ಲವೂ ತಮ್ಮ ಸಗಣಿಯ ಉರಿಯಲ್ಲೇ ಬೆಂದವು. ತನ್ನ ಒಲೆಯವಲ್ಲ ಎಂದು ಬಾನುಬಿ ಅವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಆದರೆ ನಾಲ್ಕು ತಿಂದಳು. ಶುಕ್ರವಾರಕ್ಕೆ ಇನ್ನು ಆರೇ ದಿನ. ಶಾರವ್ವನಲ್ಲಿ ಬೇಕಾದಷ್ಟು ತಿನ್ನಿ, ಋಣ ಮಾತ್ರ ಇಲ್ಲಿ ಬಂದು ತೀರಿಸಿ.