ಬ್ಯಾಗ್ ಕಾಯುವವನ ಹೆಂಡತಿ ಪಾರ್ಕಿಗೆ ಬಂದದ್ದು

ಒಂಬತ್ತು ವರ್ಷದಿಂದ ನಾನು ಬೈಂದೂರು, ಕುಂದಾಪುರ, ಬ್ರಹ್ಮಾವರ ಕಡೆಯ ಜನರನ್ನು ಬಸ್ಸಿನಲ್ಲಿ ತುಂಬಿಕೊಂಡು ಘಟ್ಟದ ಮೇಲಿನ ಒಂದು ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗಿ ಬರುವ ಕೆಲಸ ಮಾಡುತ್ತಿದ್ದೇನೆ. ಹೊಟ್ಟೆ ಹುಣ್ಣಾಗುವಷ್ಟು ನಗಿಸುವ ಸಂಗತಿ ಒಂದಾದರೂ ಆಗದೆ ಇಷ್ಟರವರೆಗೆ ಒಂದು ಟ್ರಿಪ್ಪೂ ಮುಗಿದದ್ದಿಲ್ಲ. ವಾಪಸು ಬರುವಾಗ ಅರ್ಧ ಬಸ್ಸು "ಬಪ್ಪ ವರ್ಷವೂ ಬಪ್ಪ", ಅಂದರೆ ಮುಂದಿನ ವರ್ಷವೂ ಬರೋಣ, ಎನ್ನುತ್ತದೆ. ಇನ್ನರ್ಧ ಬಸ್ಸು ನನ್ನನ್ನು ಬೈಯುತ್ತದೆ. ಒಂದೇ ಕಡೆಯ ಜನ, ಒಂದೇ ಬಸ್ಸು, ತಿಂದದ್ದೂ ಅದೇ ಉಪ್ಪಿಟ್ಟು. ಆದರೂ ಯಾಕೆ ಹೀಗೆ ಎಂದು ನನಗೆ ತಿಳಿದಿರಲಿಲ್ಲ. ಕಳೆದ ಬೇಸಿಗೆ ರಜೆಯ ಟ್ರಿಪ್ಪಿನಲ್ಲಿ ಸ್ವಲ್ಪ ತಿಳಿಯಿತು.

ಅದಕ್ಕೆ ಮೊದಲು ನನ್ನದೊಂದು ಗುಟ್ಟು ಹೇಳಿಬಿಡುತ್ತೇನೆ. ಆ ಪಾರ್ಕಿನಲ್ಲಿ ಆಕಾಶಕ್ಕೆ ಹತ್ತಿಸಿ, ತಲೆಕೆಳಗೆ ಮಾಡಿ, ಕೆಳಗೆ ತಂದು ಬಿಡುವ ಒಂದು ದೊಡ್ಡ ರೈಲು ಇದೆ. "ಎಂತ ಹೆದ್ರಿಕಿ ಇಲ್ಲ, ನಾನ್ ನೂರ್ ಸಲ ಕೂತಿದೆ" ಎಂದು ಬಸ್ಸಿನಲ್ಲಿ ಮೈಕು ಹಿಡಿದು ಹೇಳುವುದು ನನ್ನ ಕೆಲಸದ ಒಂದು ಭಾಗ. ನಿಜ ಏನೆಂದರೆ ನಾನು ಒಂದು ಸಲವೂ ಕೂತವನಲ್ಲ. ಎಲ್ಲರ ಬ್ಯಾಗು, ಚಪ್ಪಲಿ, ಕನ್ನಡಕ, ಹಲ್ಲಿನ ಸೆಟ್ಟು ಕಾಯ್ದುಕೊಂಡು ರೈಲಿನ ಕೆಳಗಿನ ಬೆಂಚಿನಲ್ಲಿ ಕೂರುವವನು. ಮೊದಲ ವರ್ಷ ಮನೆಗೆ ಬಂದು ಹೆಂಡತಿಯ ಎದುರೂ ಅದೇ ಬುರುಡೆ ಬಿಟ್ಟೆ. ಪಾಪ, ಅವಳು ನಂಬಿ ದೇವರಿಗೆ ಹರಕೆ ಹೇಳಿಕೊಂಡಳು. ನಾನು ಟ್ರಿಪ್ಪಿಗೆ ಹೋದ ಪ್ರತಿ ಶನಿವಾರ ಅವಳಿಗೆ ಒಪ್ಪತ್ತು. ಒಂಬತ್ತು ವರ್ಷದಿಂದ ಅವಳು ಹಸಿದಿರುವುದು ಬೆಂಚಿನ ಮೇಲೆ ಕೂತ ಗಂಡನಿಗಾಗಿ.

ಕಳೆದ ಬೇಸಿಗೆಯಲ್ಲಿ ಕೊನೆಯ ಗಳಿಗೆಗೆ ಒಂದು ಸೀಟು ಖಾಲಿಯಾಯಿತು. ಅವಳು ಸೀರೆಯ ನೆರಿಗೆ ಹಿಡಿಯುತ್ತಾ ಹೇಳಿದಳು, "ಹ್ವಾಯ್, ಆ ಸೀಟಿಗೆ ನಾನೇ ಬತ್ತೆ. ನೀವ್ ತಲೆಕೆಳಗ್ ಆಪ್ದ್ ಒಂದ್ಸಲ ಕಣ್ಣಾರೆ ಕಾಣ್ಕ್."

೧. ತಂಡೇಲರು ಮತ್ತು ದೋಣಿ

ಬೈಂದೂರು ಕಡೆಯಿಂದ ಒಬ್ಬ ತಂಡೇಲರು ಹೆಂಡತಿಯ ಜೊತೆ ಬಂದಿದ್ದರು. ತಂಡೇಲ ಅಂದರೆ ಮೀನುಗಾರಿಕೆ ದೋಣಿಯ ಯಜಮಾನ, ದೋಣಿಯಲ್ಲಿ ಅವರ ಮಾತೇ ಕೊನೆಯ ಮಾತು. ವಯಸ್ಸಾಗಿ ಕಡಲು ಬಿಟ್ಟಿದ್ದರೂ ಗಂಟಲು ಇನ್ನೂ ಅಲೆಗಳನ್ನು ದಾಟಿ ಕೇಳುವಂಥದ್ದು.

ಪಾರ್ಕಿನಲ್ಲಿ ಉಯ್ಯಾಲೆಯ ಹಾಗೆ ತೂಗುವ ಒಂದು ದೊಡ್ಡ ದೋಣಿ ಇದೆ. ಇವರು ಹತ್ತಿ ಕೂತರು, ಆಚೀಚೆ ನೋಡಿದರು, ಜೋರಾಗಿ ಕೂಗಿದರು. "ಹ್ವಾಯ್, ಆ ತುದಿಯ ಮೂರ್ ಜನ ಈಚಿಗ್ ಬನ್ನಿ! ಎಲ್ಲ ಒಂದೇ ಬದಿಗ್ ಕೂತ್ರೆ ಮಗುಚುದಿಲ್ಯಾ?"

ಆ ಮೂವರು ನಮ್ಮ ಬಸ್ಸಿನವರೂ ಅಲ್ಲ. ಆದರೂ ಆ ದನಿಗೆ ಎದ್ದು ಬಂದು ಕೂತರು. ಗುಂಡಿ ಒತ್ತುವವನು "ಅಜ್ಜ, ಇದು ಮಗುಚೋದಿಲ್ಲ, ಕಬ್ಬಿಣದ ಕಂಬಕ್ಕೆ ಕಟ್ಟಿದೆ" ಎಂದ. ತಂಡೇಲರು "ಕಟ್ಟಿದ ದೋಣಿಗೆ ಜನ ಎಂತಕ್ಕೆ?" ಎಂದು ಕೇಳಿದರು. ಅವನು ಗುಂಡಿ ಒತ್ತಿಬಿಟ್ಟ.

ದೋಣಿ ತೂಗಿತು, ಎಲ್ಲರೂ ಕಿರುಚಿದರು. ತಂಡೇಲರು ಆಕಳಿಸಿದರು. ಇಳಿದು ಬಂದು ಅಲ್ಲೇ ಇದ್ದ ಒಂದು ಬೆಂಚಿನಲ್ಲಿ ನನ್ನ ಪಕ್ಕ ಕೂತು, "ದೋಣಿ ಅಡ್ಡಿಲ್ಲ. ಆದ್ರೆ ಬಲೆಯೂ ಇಲ್ಲ, ಮೀನೂ ಇಲ್ಲ. ಸುಮ್ನೆ ಎಂತಕ್ಕೆ ಹೋಯಿ ಬಪ್ಪುದ್?" ಎಂದು ಬೇಸರಪಟ್ಟುಕೊಂಡರು.

ಅವರ ಹೆಂಡತಿ ಮಾತ್ರ ಇಳಿಯಲಿಲ್ಲ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದ ಗಟ್ಟಿ ಹೆಂಗಸು. ದೋಣಿಯಿಂದಲೇ ನನ್ನ ಹೆಂಡತಿಗೆ ಹೇಳಿದರು, "ಇವ್ರ್ ಕಡಲಿಗ್ ಹೋದಾಗೆಲ್ಲ ನಾನ್ ದಡದಲ್ಲ್ ಕೂಕಂಡ್ ಕಾದದ್ದೇ ಕಾದದ್. ಇವತ್ತ್ ನಾನ್ ದೋಣಿಯಲ್ಲ್, ಅವ್ರ್ ದಡದಲ್ಲ್. ಕಾಯ್ಲಿ ಒಂಚೂರ್!"

ನನ್ನ ಹೆಂಡತಿ ಆ ಮಾತನ್ನು ಬಹಳ ಗಮನವಿಟ್ಟು ಕೇಳಿದಳು. ನನಗದು ಅಷ್ಟು ಸರಿ ಕಾಣಲಿಲ್ಲ.

ದೋಣಿ ಪುನಃ ಹೊರಟಿತು. ಅಲ್ಲಿಯವರೆಗೆ ಆಕಳಿಸುತ್ತಿದ್ದ ತಂಡೇಲರು ಎದ್ದು ನಿಂತು ಹಣೆಗೆ ಕೈ ಅಡ್ಡ ಹಿಡಿದು ನೋಡತೊಡಗಿದರು. ಮುಖ ಸಣ್ಣದಾಯಿತು. "ಇದೆಂತ ಇನ್ನೂ ನಿಲ್ಲುದಿಲ್ಲ?" ಎಂದು ನನ್ನನ್ನು ನಾಲ್ಕು ಸಲ ಕೇಳಿದರು. ಮೂರು ನಿಮಿಷ ಕಳೆದು ಹೆಂಡತಿ ನಗುತ್ತಾ ಇಳಿದರೆ, ಕಣ್ಣೆದುರಿಂದ ಒಂದು ಮಾರೂ ಆಚೆ ಹೋಗದವರನ್ನು ಹಿಡಿದು ಬೈದರು, "ಇಷ್ಟೊತ್ತ್ ಎಲ್ಲಿಗ್ ಹೋಯಿದ್ದೆ ನೀನ್?"

೨. ದೆವ್ವದ ಮನೆ

ಸಾಲಿಗ್ರಾಮದಿಂದ ಬಂದವರಲ್ಲಿ ಒಬ್ಬರು ಯಕ್ಷಗಾನದಲ್ಲಿ ರಾಕ್ಷಸನ ಪಾತ್ರ ಮಾಡುತ್ತಿದ್ದ ಹಿರಿಯ ಕಲಾವಿದರು. ಮಂಡಿನೋವು ಬಂದು ರಂಗಸ್ಥಳ ಬಿಟ್ಟು ಕೆಲವು ವರ್ಷವಾಗಿತ್ತು. ಬೆಳಿಗ್ಗೆಯಿಂದ ಯಾವ ಆಟಕ್ಕೂ ಹತ್ತದೆ ಮಂಕಾಗಿ ಕೂತಿದ್ದರು. ದೆವ್ವದ ಮನೆ ಎಂಬ ಬೋರ್ಡು ಕಂಡದ್ದೇ, "ಕಾಂಬ, ಇದ್ ಹ್ಯಾಂಗಿತ್ ಅಂತ" ಎಂದು ಎದ್ದು ಒಳಗೆ ಹೋದರು.

ಉಳಿದವರು ಐದು ನಿಮಿಷದಲ್ಲಿ ಹೊರಗೆ ಬಂದರು. ಇವರು ಮುಕ್ಕಾಲು ಗಂಟೆಯಾದರೂ ಬರಲಿಲ್ಲ. "ಒಳಗ್ ಹೋಯಿ ಕಾಣಿ" ಎಂದಳು ಹೆಂಡತಿ. "ಬ್ಯಾಗ್ ಇತ್ತಲೆ" ಎಂದೆ. ಅವಳು ನನ್ನನ್ನೂ ಬ್ಯಾಗನ್ನೂ ಒಮ್ಮೆ ನೋಡಿದಳು.

ಅಷ್ಟರಲ್ಲಿ ಒಳಗಿನಿಂದ ಒಂದು ಆರ್ಭಟ ಕೇಳಿತು. ಮನೆಯ ತಗಡು ಅದುರಿತು. ಒಳಗಿದ್ದ ಹದಿನೈದು ಜನ ಹೊರಹೋಗುವ ಬಾಗಿಲು ಬಿಟ್ಟು ಒಳಹೋಗುವ ಬಾಗಿಲಿನಿಂದಲೇ ಓಡಿ ಬಂದರು. ಅವರಲ್ಲಿ ಎಲ್ಲರಿಗಿಂತ ಮುಂದೆ ಇದ್ದದ್ದು ದೆವ್ವದ ಕೆಲಸ ಮಾಡುವ ಮನುಷ್ಯ. ಮುಖವಾಡ ಕೈಯಲ್ಲಿತ್ತು.

ಆದದ್ದಿಷ್ಟು. ದೆವ್ವ ಮೂಲೆಯಿಂದ ಹಾರಿ ಬಂದು "ಹೋ" ಎಂದಾಗ ಕಲಾವಿದರಿಗೆ ಕೆಂಡದಂಥ ಕೋಪ ಬಂದಿದೆ. "ಹೀಂಗ್ ಗಡಿಬಿಡಿ ಮಾಡುಕಾಗ ಮಾರಾಯ. ಮೊದ್ಲ್ ಬೆನ್ನ್ ತೋರ್ಸ್, ಆಮೇಲೆ ಅರ್ಧ ಮುಖ, ಜನ ಉಸಿರ್ ಹಿಡ್ಕಂಡ ಮೇಲೆ ಆರ್ಭಟೆ" ಎಂದು ಪಾಠ ಶುರು ಮಾಡಿದ್ದಾರೆ. ಮುಖವಾಡ ಕಳಚಿಸಿ, ಹುಬ್ಬು ಹೀಗೆ, ಬಾಯಿ ಹೀಗೆ ಎಂದು ಅವನ ಮುಖವನ್ನು ತಮ್ಮ ಕೈಯಾರೆ ತಿದ್ದಿದ್ದಾರೆ. ಕೊನೆಗೆ ಹೀಗೆ ಮಾಡಬೇಕೆಂದು ಒಂದು ಸಲ ಮಾಡಿ ತೋರಿಸಿದ್ದಾರೆ, ಅಷ್ಟೆ.

ಅವರು ಹೊರಗೆ ಬಂದಾಗ ಮುಖ ಬೆಳಗುತ್ತಿತ್ತು, ಮಂಡಿನೋವು ಮರೆತೇ ಹೋದ ಹಾಗಿತ್ತು. ನನಗೆ ನಿಜಕ್ಕೂ ಸಂತೋಷವಾಯಿತು. ದೆವ್ವ ಮಾತ್ರ ನನ್ನ ಕೈ ಹಿಡಿದು ಬೇಡಿಕೊಂಡ, "ಸಾರ್, ದಯವಿಟ್ಟು ಅವರನ್ನ ಇನ್ನೊಮ್ಮೆ ಒಳಗೆ ಬಿಡಬೇಡಿ. ನಾನು ದಿನಾ ಅಲ್ಲಿ ಒಬ್ಬನೇ ಕೂರಬೇಕು!"

೩. ಬೈರಾಸು

ಆಮೇಲೆ ಎಲ್ಲರೂ ದೊಡ್ಡ ರೈಲಿನ ಬುಡಕ್ಕೆ ಬಂದೆವು. ನಾನು ನನ್ನ ಹಳೆಯ ಬೆಂಚು ಹಿಡಿದೆ.

ಬಾರ್ಕೂರಿನ ಒಬ್ಬ ಮಾವನವರು, ಊರಿಗೇ ಮಾವ, ಕ್ಯೂನಲ್ಲಿ ಹಿಂದೆ ಇದ್ದರು. ಅವರು ಜೀವಮಾನವಿಡೀ ಲೋಕಲ್ ಬಸ್ಸಿನಲ್ಲಿ ಓಡಾಡಿದವರು. ಬಸ್ಸು ಬಂದ ಕೂಡಲೇ ಕಿಟಕಿಯಿಂದ ಬೈರಾಸು, ಅಂದರೆ ಹೆಗಲ ಟವೆಲ್ಲು, ಎಸೆದು ಸೀಟು ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ರೈಲು ಬಂದು ನಿಂತದ್ದೇ, ಹೆಗಲ ಮೇಲಿನ ಕೆಂಪು ಬೈರಾಸು ಬೇಲಿಯ ಆಚೆಯಿಂದ ಹಾರಿ ಮೊದಲ ಸಾಲಿನ ಸೀಟಿಗೆ ಸರಿಯಾಗಿ ಬಿತ್ತು.

ಬೇರೆ ಊರಿನವರಾಗಿದ್ದರೆ ಅದನ್ನು ಎತ್ತಿ ಬಿಸಾಡಿ ಕೂರುತ್ತಿದ್ದರು. ಆದರೆ ಮುಂದಿದ್ದವರೆಲ್ಲ ನಮ್ಮ ಬಸ್ಸಿನವರು. ಬೈರಾಸು ಬಿದ್ದ ಸೀಟಿನಲ್ಲಿ ಇನ್ನೊಬ್ಬರು ಕೂರುವ ಪದ್ಧತಿ ನಮ್ಮಲ್ಲಿಲ್ಲ. ಎಲ್ಲರೂ ಮರ್ಯಾದೆಯಿಂದ ಆ ಸಾಲು ಬಿಟ್ಟು ಹಿಂದೆ ಕೂತರು. ಮಾವನವರು ಆರಾಮಾಗಿ ಬಂದು ತಲುಪುವಷ್ಟರಲ್ಲಿ ಗೇಟು ಮುಚ್ಚಿ, ರೈಲು ಬೈರಾಸನ್ನು ಕೂರಿಸಿಕೊಂಡು ಹೊರಟೇಹೋಯಿತು.

"ಹ್ವಾಯ್! ಹೋಲ್ಡಾನ್! ಜನ ಇತ್ತ್!" ಎಂದು ಕೂಗಿದರು. ರೈಲು ನಿಲ್ಲಲಿಲ್ಲ. ಮೇಲೆ ಹತ್ತಿತು. ತುತ್ತತುದಿಯಲ್ಲಿ ಗಾಳಿಗೆ ಬೈರಾಸು ಒಮ್ಮೆ ಎದ್ದು ನಿಂತು, ಹಾರಿ ಹೋಗಿ ಅಲ್ಲಿಯ ಒಂದು ಕಂಬಿಗೆ ಸಿಕ್ಕಿಕೊಂಡಿತು. ಅಲ್ಲೇ ಪಟಪಟ ಬಡಿದುಕೊಳ್ಳತೊಡಗಿತು.

ಮಾವನವರು ತಲೆಯೆತ್ತಿ ಸ್ವಲ್ಪ ಹೊತ್ತು ನೋಡಿದರು. ಬಂದು ನನ್ನ ಬೆಂಚಿನಲ್ಲಿ ಕೂತರು. "ಬೈರಾಸಿಗೇ ಹೀಂಗಾಯ್ತಲೆ ಮಾರ್ರೆ. ಅದ್ರಲ್ಲ್ ನಾನ್ ಇದ್ದಿರೆ?" ಎಂದರು. ಇನ್ನು ಹತ್ತುವ ಪ್ರಶ್ನೆಯೇ ಇಲ್ಲ ಎಂದರು. ಹಾಗಾದರೆ ಮೊದಲ ಸಾಲಿನ ಸೀಟು ಬೇರೆಯವರಿಗೆ ಬಿಡೋಣವೇ ಎಂದು ಕೇಳಿದೆ. ಸಿಡಿದೆದ್ದರು, "ಅದ್ ಹ್ಯಾಂಗೆ? ಬೈರಾಸ್ ಹಾಕಿದ್ದ್ ಯಾರ್? ನಾನ್ ಕೂಕಣದಿದ್ರೂ ಸೀಟ್ ನಂದೇ!"

೪. ಹತ್ತುವಾಗ

ಈಗ ನನ್ನ ಸರದಿ. ಹೆಂಡತಿ ಎದುರು ಬಂದು ನಿಂತಳು. ಮುಡಿದ ಮಲ್ಲಿಗೆ ಬಾಡಿತ್ತು. ಬೆಳಿಗ್ಗೆಯಿಂದ ಒಂದು ಲೋಟ ಚಾ ಬಿಟ್ಟು ಏನನ್ನೂ ಮುಟ್ಟಿರಲಿಲ್ಲ. ಶನಿವಾರ ಅಲ್ಲವೇ, ಒಪ್ಪತ್ತು.

"ನೀವ್ ಯಾವಾಗ ಕೂಕಂಬುದ್?" ಎಂದಳು.

ಸಂಶಯದಿಂದ ಕೇಳಿದ್ದಲ್ಲ. ಬೇಗ ಕೂತು ಇಳಿದರೆ ತನಗೆ ಸಮಾಧಾನ ಎಂಬ ಹಾಗೆ ಕೇಳಿದಳು. ಇಷ್ಟು ವರ್ಷ ನಂಬಿದವಳ ಎದುರು ಇವತ್ತು ಸುಳ್ಳುಗಾರ ಆಗಬಾರದು, ಸತ್ತರೂ ಪರವಾಗಿಲ್ಲ, ಬಿಟ್ಟ ಬುರುಡೆಯನ್ನು ಇವತ್ತೇ ನಿಜ ಮಾಡಿಬಿಡಬೇಕು ಎಂದು ಎದ್ದೆ. "ಈಗ್ಲೇ" ಎಂದೆ. "ಹಾಂಗಾರೆ ನಾನೂ ಬತ್ತೆ" ಎಂದಳು. ಬಾರ್ಕೂರಿನ ಮಾವನವರು ದೊಡ್ಡ ಮನಸ್ಸು ಮಾಡಿ, "ನನ್ ಸೀಟ್ ನಿಮ್ಗೇ ಇರ್ಲಿ" ಎಂದು ಮೊದಲ ಸಾಲನ್ನೇ ನಮಗೆ ದಾನ ಮಾಡಿ, ಬ್ಯಾಗು ಕಾಯಲು ತಾವು ಕೂತರು. ಹಿಂದಿನ ಸಾಲಿನಲ್ಲಿ ತಂಡೇಲರ ಹೆಂಡತಿ, ಅವರ ಹಿಂದೆ, ಒಮ್ಮೆ ಹೋಗಿ ಬಂದವರೂ ಸೇರಿ, ನಮ್ಮ ಬಸ್ಸಿಗೆ ಬಸ್ಸೇ.

ಕಬ್ಬಿಣದ ಸರಳು ಎದೆಯ ಮೇಲೆ ಬಂದು ಕಟಕ್ ಎಂದಿತು. ಸರಳು ಎಳೆದು ನೋಡುತ್ತಿದ್ದ ಪಾರ್ಕಿನವನು ನನ್ನ ಮುಖ ಕಂಡು ಹಿಗ್ಗಿದ. "ಓಹೋ, ಬ್ಯಾಗ್ ಸಾರ್! ಕೊನೆಗೂ ಹತ್ತಿದ್ರಾ! ಒಂಬತ್ತು ವರ್ಷದಿಂದ ಕರೆದೂ ಕರೆದೂ ಸಾಕಾಗಿತ್ತು!"

ರೈಲು ಹೊರಟಿತು.

ಇಳಿಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ ಎಂದು ನಾನೇ ಜನರಿಗೆ ಹೇಳುತ್ತಿದ್ದೆ. ಹತ್ತುವುದು ಇಷ್ಟು ನಿಧಾನ ಎಂದು ನನಗೆ ಗೊತ್ತಿರಲಿಲ್ಲ. ಟಕ್, ಟಕ್, ಟಕ್. ಒಂದು ತೆಂಗಿನಮರದಷ್ಟು ಎತ್ತರ ಹತ್ತಿತು.

"ಅಂವ ಎಂತ ಅಂದ?" ಎಂದಳು ಹೆಂಡತಿ.

"ಎಂತ ಇಲ್ಲ."

"ಒಂಬತ್ ವರ್ಷ ಅಂದ. ನಾನ್ ಕೇಂಡಿದೆ."

ಟಕ್, ಟಕ್. ಎರಡನೇ ತೆಂಗಿನಮರ. ಕೆಳಗೆ ನನ್ನ ಬೆಂಚು ಬೆಂಕಿಪೆಟ್ಟಿಗೆಯಷ್ಟು ಕಂಡಿತು. "ನಾನ್ ಇಲ್ಲಿಯವರೆಗೆ ಕೂತದ್ದೇ ಇಲ್ಲ ಕಣೆ" ಎಂದೆ. "ಇದೇ ಮೊದ್ಲ್."

ಅವಳು ನನ್ನ ಕಡೆ ತಿರುಗಲಿಲ್ಲ. "ಹಾಂಗಾರೆ ನನ್ನ ಒಪ್ಪತ್ತ್?" ಎಂದಳು, ಸಣ್ಣ ದನಿಯಲ್ಲಿ. ಅವಳು ಬೈದಿದ್ದರೆ ನನಗೆ ಅಷ್ಟು ಬೇಜಾರಾಗುತ್ತಿರಲಿಲ್ಲ.

"ತಪ್ಪಾಯ್ತ್" ಎಂದೆ. "ನಿನ್ನೆದುರು ಗಂಡಸಾಯ್ಕ್ ಅಂದೇಳಿ ಹೇಳ್ದೆ. ಆಮೇಲೆ ನಿಲ್ಸುಕೆ ಧೈರ್ಯ ಬರ್ಲಿಲ್ಲ."

ತುದಿ ಬಂತು. ಕಣ್ಣೆದುರಿಗೇ, ಕೈಗೆ ಸಿಗುವಷ್ಟು ಹತ್ತಿರದಲ್ಲಿ, ಮಾವನವರ ಕೆಂಪು ಬೈರಾಸು ಪಟಪಟ ಬಡಿದುಕೊಳ್ಳುತ್ತಿತ್ತು. ಅದನ್ನು ನೋಡಿದ್ದೇ ನನಗೆ ಇದು ಕೊನೆಗಾಲ ಎಂದು ಖಚಿತವಾಯಿತು. ಹೊಟ್ಟೆಯೊಳಗೆ ಉಳಿದದ್ದನ್ನು ಇಟ್ಟುಕೊಂಡು ಹೋಗಬಾರದು ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದೆ, "ನೀನ್ ಒಪ್ಪತ್ ಇದ್ದ ಎಲ್ಲ ಶನಿವಾರವೂ ನಾನ್ ಇಲ್ಲ್ ಕೋಳಿ ಬಿರಿಯಾನಿ ತಿಂದಿದೆ!"

ರೈಲು ಬಿತ್ತು.

ಆಮೇಲಿನದ್ದು ನನಗೆ ಗೊತ್ತಿಲ್ಲ, ಕಣ್ಣು ಮುಚ್ಚಿದ್ದೆ. ಒಂದೇ ಒಂದು ಗೊತ್ತು. ಎಲ್ಲಿಂದಲೋ ಅವಳ ಕೈ ಬಂದು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು, ನಿಲ್ಲುವವರೆಗೂ ಬಿಡಲಿಲ್ಲ. ಪಕ್ಕದಲ್ಲಿ ಯಾರೋ ಹುಡುಗಿಯ ಹಾಗೆ ನಗುತ್ತಿದ್ದರು. ಅದು ಅವಳೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ರೈಲು ನಿಂತಿತು. ಹಿಂದೆ ಇಡೀ ಬಸ್ಸು ನಮ್ಮ ಕಡೆಗೇ ಕತ್ತು ಚಾಚಿತ್ತು. ಸರಳು ಮೇಲೆ ಎದ್ದಿತು. ನಾನು ಏಳಲು ಹೊರಟೆ. ಹೆಂಡತಿ ಬಾಡಿದ ಮಲ್ಲಿಗೆಯನ್ನು ಸರಿಮಾಡಿಕೊಂಡು, ನನ್ನ ಅಂಗಿ ಹಿಡಿದು ಪುನಃ ಸೀಟಿಗೆ ಎಳೆದಳು.

"ಕೂಕಣಿ" ಎಂದಳು. "ಇನ್ನೊಂದ್ ಸಲ ಹೋಪ. ಒಳಗ್ ಉಳಿದದ್ದೂ ಹೊರಗ್ ಬರ್ಲಿ."