ಆಗರ್ ನುಂಗಿದ ಜರಿ ಶಲ್ಯ

ಆಯುಧಪೂಜೆಯ ಹಿಂದಿನ ದಿನ ನಾನೊಂದು ಭೀಷಣ ಪ್ರತಿಜ್ಞೆ ಮಾಡಿದೆ. ನಾಳೆ ಸಂಜೆಯೊಳಗೆ ನನ್ನ ಹೆಂಡತಿ ಕಮಲಾಕ್ಷಿಯ ಬಾಯಿಂದ ನನ್ನ ಬಗ್ಗೆ ಒಂದು, ಒಂದೇ ಒಂದು ಹೊಗಳಿಕೆ ಹೊರಡಿಸಿಯೇ ಸಿದ್ಧ! ಇಲ್ಲದಿದ್ದರೆ ನನ್ನ ಹೆಸರು ಲಿಂಗರಾಜನೇ ಅಲ್ಲ!

ಇಂಥ ಪ್ರತಿಜ್ಞೆಗೆ ಕಾರಣ ಪಕ್ಕದ ಮನೆಯ ಹೃಷಿಕೇಶ. ಇದು ೧೯೯೬ರ ಮಾತು. ಅಹಮದಾಬಾದಿನ ಚಾಂದ್‌ಖೇಡಾದಲ್ಲಿ, ಮಣ್ಣು ಪರೀಕ್ಷಿಸುವ ಒಂದು ಕಚೇರಿಯಲ್ಲಿ, ಧಾರವಾಡದ ನಾನು ಸುರಕ್ಷತಾ ಅಧಿಕಾರಿ. ಮೈಸೂರಿನ ಹೃಷಿಕೇಶ ಆಗರ್ ಯಂತ್ರದ ಇಂಜಿನಿಯರ್. ಆಗರ್ ಎಂದರೆ ಆಳೆತ್ತರದ ಕಬ್ಬಿಣದ ತಿರುಪು. ಗಿರಗಿರ ತಿರುಗುತ್ತ ನೆಲಕ್ಕಿಳಿದು ಮಣ್ಣನ್ನು ಮೇಲೆ ತರುತ್ತದೆ. ಅವನು ನೆಲ ಕೊರೆಯುವವನು. ನಾನು 'ಹುಷಾರಾಗಿ ಕೊರೆಯಿರಿ' ಎಂದು ಜನರ ತಲೆ ಕೊರೆಯುವವನು.

ಕಮಲಾಕ್ಷಿಯ ಕಣ್ಣಿಗೆ ನೆಲ ಕೊರೆಯುವವನೇ ದೊಡ್ಡವ.

"ಆ ಹೃಷಿಕೇಶ ಅವರನ್ನ ನೋಡ್ರಿ. ದಿನಾ ಬಿಸಲಾಗ ದುಡದರೂ ನಕ್ಕೋತ ಮನಿಗೆ ಬರ್ತಾರ. ನೀವು ಫ್ಯಾನಿನ ಕೆಳಗ ಕುಂತು ಬಂದು ಮಾರಿ ಗಂಟ ಹಾಕ್ಕೋತೀರಿ."

"ನನ್ನದು ತಲೀ ಕೆಲಸ!"

"ಹೌದ್ರಿ, ಅದಕ್ಕ ತಲ್ಯಾಗ ಒಂದು ಕೂದಲ ಉಳದಿಲ್ಲ."

ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ಉರಿಯುತ್ತಿತ್ತು! ಅವನು ನಮ್ಮ ಕೂಲರ್ ರಿಪೇರಿ ಮಾಡಿಕೊಟ್ಟ ದಿನ ಆ ತಣ್ಣನೆಯ ಗಾಳಿಯಲ್ಲೂ ನಾನು ಬೆವರಿದೆ. ಆಮೇಲೆ ಅವನು ಎರಡು ಸಲ ಹಾಕಿಸಿಕೊಂಡು ತಿಂದ ಉಪ್ಪಿಟ್ಟು ನನಗೆ ಮೂರು ದಿನ ಜೀರ್ಣವಾಗಲಿಲ್ಲ!

ನಮ್ಮ ಕಚೇರಿಯಲ್ಲಿ ಕನ್ನಡದ ಮನೆಗಳು ಏಳೆಂಟಿದ್ದವು. ಊರೆಲ್ಲ ಗರ್ಬಾ ಕುಣಿಯುತ್ತಿದ್ದರೂ ನಾವು ಆಯುಧಪೂಜೆ ಬಿಟ್ಟವರಲ್ಲ. ಸ್ಕೂಟರುಗಳ ಜೊತೆ ಕಚೇರಿಯ ಅಂಗಳದಲ್ಲಿ ನಿಂತ ಆಗರ್‌ಗೂ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ. ಮಂಗಳಾರತಿಯಾದ ಮೇಲೆ ಯಂತ್ರವನ್ನು ಒಂದು ನಿಮಿಷ ಓಡಿಸುವುದು ರೂಢಿ. ಹೋದ ವರ್ಷ ಓಡಿಸಿದವನು ಹೃಷಿಕೇಶ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನನ್ನ ಧರ್ಮಪತ್ನಿ! ಈ ವರ್ಷ ಓಡಿಸುವವನು ನಾನೇ ಎಂದು ನಿರ್ಧರಿಸಿದೆ.

ಬೆಳಿಗ್ಗೆ ಮದುವೆಯ ರೇಷ್ಮೆ ಧೋತರ ಉಟ್ಟೆ. ಅಂಗೈ ಅಗಲದ ಜರಿಯ ಶಲ್ಯ ಹೊದ್ದೆ. ಅದು ಹೆಗಲಿನಿಂದ ಜಾರಬಾರದೆಂದು ಒಂದು ತುದಿಯನ್ನು ಧೋತರದ ಜೊತೆ ಸೊಂಟಕ್ಕೆ ಬಿಗಿಯಾಗಿ ಕಟ್ಟಿದೆ. ಹೃಷಿಕೇಶ ಮಾತ್ರ ಹಬ್ಬದ ದಿನವೂ ಮೈಗಂಟಿದ ನೀಲಿ ಡಾಂಗ್ರಿ, ಬೂಟು, ಹೆಲ್ಮೆಟ್ಟು ಹಾಕಿಕೊಂಡು ಬಂದಿದ್ದ.

"ಹಬ್ಬದ ದಿನಾನೂ ಎಂಥಾ ವೇಷ!" ಎಂದೆ ಹೆಂಡತಿಯ ಕಿವಿಯಲ್ಲಿ.

"ಕೆಲಸದ ಮನಷ್ಯಾಗ ಕೆಲಸದ ಬಟ್ಟಿನ ಛಂದ," ಎಂದಳು ಕಮಲಾಕ್ಷಿ.

ಉರಿಯುವ ಬೆಂಕಿಗೆ ತುಪ್ಪ! ಮಂಗಳಾರತಿ ಮುಗಿಯುತ್ತಲೇ ನಾನು ಎದ್ದುನಿಂತು ಭಾಷಣ ಶುರುಮಾಡಿದೆ. ತಿರುಗುವ ಆಗರ್ ಹತ್ತಿರ ಸಡಿಲ ಬಟ್ಟೆ ಕೂಡದು. ಜೋತುಬೀಳುವ ಯಾವುದೂ ಕೂಡದು. ಯಂತ್ರದ ಸುತ್ತ ಎಳೆದ ಹಳದಿ ಗೆರೆ ದಾಟಕೂಡದು. ಅಂಟಿದ ಮಣ್ಣನ್ನು ಇಂಜಿನ್ ನಿಲ್ಲಿಸದೆ ಮುಟ್ಟಕೂಡದು. ಒಂದೊಂದು 'ಕೂಡದು'ಗೂ ಜಾರಿದ ಶಲ್ಯವನ್ನು ಗತ್ತಿನಿಂದ ಹೆಗಲಿಗೆ ಎಸೆದುಕೊಂಡೆ. ಭಾಷಣ ಮುಗಿಸಿದವನೇ ಗೆರೆ ದಾಟಿ ಯಂತ್ರದ ಹಿಡಿಕೆಗೆ ಕೈ ಹಾಕಿದೆ.

ಹೃಷಿಕೇಶ ಓಡಿಬಂದ. "ಸಾರ್, ಮೊದಲು ಆ ಹಾರ ತೆಗೀಬೇಕು. ನಿಮ್ಮ ಶಲ್ಯಾನೂ ತೆಗೆದಿಟ್ಬಿಡಿ ಸಾರ್, ದಯವಿಟ್ಟು."

"ನಿಯಮ ಬರದಾಂವ ನಾನು! ನನಗ ನಿಯಮ ಹೇಳಾಕ ಬಂದೀರೇನು?"

ಹಿಡಿಕೆ ಎಳೆದೆ. ಆಗರ್ ಗಿರ್ರೆಂದಿತು. ಚೆಂಡುಹೂವಿನ ಹಾರ ಹರಿದು ಎಸಳುಗಳು ನಾಲ್ಕೂ ದಿಕ್ಕಿಗೆ ಹಾರಿದವು. ಮೇಲಿಂದ ದೇವತೆಗಳೇ ಹೂಮಳೆ ಸುರಿಸಿದರೇನೋ ಎಂಬಂತೆ ಜನ ಚಪ್ಪಾಳೆ ತಟ್ಟಿದರು. ಕಮಲಾಕ್ಷಿಯೂ ತಟ್ಟುತ್ತಿದ್ದಾಳೆಯೇ? ನೋಡಲೆಂದು ಗರ್ವದಿಂದ ಆಕೆಯ ಕಡೆ ತಿರುಗಿದೆ. ಹೆಗಲಿನ ಶಲ್ಯ ಯಂತ್ರದ ಕಡೆ ತಿರುಗಿತು!

ಮುಂದಿನದು ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ನಡೆದುಹೋಯಿತು. ಆಗರ್ ಶಲ್ಯವನ್ನು ಹಿಡಿಯಿತು, ಶಲ್ಯ ಧೋತರವನ್ನು ಹಿಡಿಯಿತು. ನಾನು ದಾರ ಬಿಚ್ಚಿದ ಬುಗುರಿಯಂತೆ ಸುತ್ತತೊಡಗಿದೆ. ಒಂದು ಸುತ್ತು, ಎರಡು ಸುತ್ತು! ಸಾವು ಗೇಣು ದೂರದಲ್ಲಿ ಗರಗರ ಎನ್ನುತ್ತಿತ್ತು. ಅಷ್ಟರಲ್ಲಿ ಹೃಷಿಕೇಶ ಹಾರಿಬಂದು ಕೆಂಪು ಗುಂಡಿ ಒತ್ತಿದ. ಯಂತ್ರ ನಿಂತಿತು. ರೇಷ್ಮೆಯೆಲ್ಲ ಆಗರ್ ಉಟ್ಟುಕೊಂಡಿತ್ತು. ಸುರಕ್ಷತಾ ಅಧಿಕಾರಿ ಪಟ್ಟಾಪಟ್ಟಿ ಚಡ್ಡಿಯಲ್ಲಿ ಹಳದಿ ಗೆರೆಯ ಒಳಗೆ ನಿಂತಿದ್ದ!

ಯಾರೋ ಒಂದು ಜಮಖಾನೆ ಹೊದಿಸಿದರು. ಕಮಲಾಕ್ಷಿ ಓಡಿಬಂದು ನನ್ನ ಎದೆಗೆ ಎರಡು ಗುದ್ದಿದಳು.

"ನಿಮಗೇನರ ಆಗಿದ್ರ ಈ ಊರಾಗ ನಾ ಯಾರ ಮಾರಿ ನೋಡ್ಲಿ? ಶಾಣ್ಯಾತನ ಎಲ್ಲಾ ಬರೇ ಮಂದಿಗೆ ಹೇಳಾಕೇನು?"

ಬೈಯುತ್ತಲೇ ಜಮಖಾನೆಯನ್ನು ನನ್ನ ಸುತ್ತ ಬಿಗಿಯಾಗಿ ಸುತ್ತಿದಳು. ಇದು ಖಂಡಿತ ಹೊಗಳಿಕೆಯಲ್ಲ. ಆದರೂ ಅಷ್ಟು ವರ್ಷಗಳಲ್ಲಿ ನನಗೆ ಅಷ್ಟು ಹಿತವಾದ ಬೈಗುಳ ಸಿಕ್ಕಿರಲಿಲ್ಲ.

ಸಂಜೆ ಹೃಷಿಕೇಶ ಮನೆಗೆ ಬಂದ. ನಾನು ಅಹಂಕಾರ ನುಂಗಿ ಕೈಮುಗಿದೆ. "ನನ್ನ ಜೀವ ಉಳಿಸಿದ್ರಿ ಮಾರಾಯ್ರೇ. ಖರೇ ಹೇಳಬೇಕಂದ್ರ, ನಿಮ್ಮ ಮ್ಯಾಲಿನ ಹೊಟ್ಟಿಕಿಚ್ಚಿನಿಂದನ ಇಷ್ಟೆಲ್ಲಾ ಆತು."

ಅವನು ಬೆಚ್ಚಿದ. "ನನ್ನ ಮೇಲಾ? ಅಯ್ಯೋ ಸಾರ್, ನಿಮ್ಮ ಮೇಲೆ ನನಗೆ ಎರಡು ವರ್ಷದಿಂದ ಹೊಟ್ಟೆಕಿಚ್ಚು! ನನ್ನ ಹೆಂಡ್ತಿ ಮೇದಿನೀದು ದಿನಾ ಅದೇ ಹಾಡು. 'ಲಿಂಗರಾಜ್ ಸಾರ್ ನೋಡಿ, ಎಷ್ಟು ಗಂಭೀರ, ಎಷ್ಟು ಶಿಸ್ತು. ನೀವೂ ಇದೀರಿ, ಮೈಯೆಲ್ಲ ಮಣ್ಣು!' ಕೇಳಿ ಕೇಳಿ ಸಾಕಾಗಿತ್ತು ಸಾರ್."

ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಕೈ ಮೀಸೆಯತ್ತ ಹೊರಟಿತು. "ಹೌದೇನು? ಮತ್ತೇನೇನು ಅಂತಾರ?"

"ಇವತ್ತು ಪೂಜೆ ನೋಡ್ಕೊಂಡು ಬಂದಾಗಿನಿಂದ ಏನೂ ಅಂತಿಲ್ಲ ಸಾರ್," ಎಂದು ಹೃಷಿಕೇಶ ನನ್ನ ಎರಡೂ ಕೈ ಹಿಡಿದು ಕುಲುಕಿದ. "ಅದಕ್ಕೇ ಥ್ಯಾಂಕ್ಸ್ ಹೇಳಿ ಹೋಗೋಣ ಅಂತ ಬಂದೆ!"

ಇಡೀ ಚಾಂದ್‌ಖೇಡಾದಲ್ಲಿ ನನ್ನನ್ನು ಮೆಚ್ಚುವ ಹೆಂಗಸು ಒಬ್ಬಳಿದ್ದಳು. ಅದು ನನಗೆ ತಿಳಿದದ್ದು ಆಕೆ ಮೆಚ್ಚುವುದನ್ನು ಬಿಟ್ಟ ದಿನ!