ಉಡದಾರದ ಒಕ್ಕಲು

ಕಲಿಸುವವನಿಗೆ ಕಲಿಯುವ ಹಂಗಿಲ್ಲ ಎಂದು ನಂಬಿಕೊಂಡೇ ಇಪ್ಪತ್ತೆಂಟು ವರ್ಷ ಮಾಸ್ತರಿಕೆ ಮಾಡಿದವನು ನಾನು. ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಅದರಲ್ಲೂ ಸೂಕ್ಷ್ಮಜೀವಿಗಳ ಪಾಠವೆಂದರೆ ನನಗೆ ಹೋಳಿಗೆ ಊಟ. ಬ್ಯಾಕ್ಟೀರಿಯಾ ತನ್ನ ಒಲೆ ತಾನೇ ತಂದು ನಮ್ಮ ಅಂಗಳದಲ್ಲಿ ಹೂಡಿ ಹೊಲಸು ಚೆಲ್ಲುತ್ತದೆ, ಆ ವಿಷದಿಂದ ಜಡ್ಡು. ವೈರಸ್ಸಿಗೆ ಒಲೆಯೇ ಇಲ್ಲ. ನಮ್ಮ ಜೀವಕೋಶದೊಳಗೆ ನುಗ್ಗಿ, ನಮ್ಮದೇ ಹಿಟ್ಟಿನಲ್ಲಿ ತನ್ನಂಥವನ್ನೇ ಸಾವಿರ ಬಡಿದು, ಹೋಗುವಾಗ ಅಡುಗೆಮನೆ ಕೆಡವಿ ಹೋಗುತ್ತದೆ. ಮಲೇರಿಯಾದ ಏಕಕೋಶ ಜೀವಿ ಸೊಳ್ಳೆಯ ಮೂಲಕ ಬಂದು ಕೆಂಪು ರಕ್ತಕಣ ಒಡೆಯುತ್ತದೆ. ಶಿಲೀಂಧ್ರಕ್ಕೆ ಅವಸರವಿಲ್ಲ, ಹಸಿ ಕಂಡಲ್ಲಿ ಕೂತು ಚರ್ಮದ ಸತ್ತ ಪದರವನ್ನು ತಿನ್ನುತ್ತಿರುತ್ತದೆ. ‘ನಾಲ್ಕಕ್ಕೂ ಔಷಧ ಬೇರೆ ಬೇರೆ!’ ಎಂದು ಪ್ರತಿ ವರ್ಷ ಮೇಜು ಗುದ್ದುತ್ತೇನೆ. ಹೋದ ವರ್ಷ ಮಾತ್ರ, ಗುದ್ದಿದ ಕೈ ನೆಟ್ಟಗೆ ಸೊಂಟಕ್ಕೆ ಹೋಗಿ ಕೆರೆಯತೊಡಗಿತು. ಹುಡುಗರು ಮುಸಿಮುಸಿ ನಕ್ಕರು.

ಹೌದು, ಗಜಕರ್ಣ, ಅದೇ ಶಿಲೀಂಧ್ರದ ಕೆಲಸ. ಸೊಂಟದ ಉಡದಾರದ ಗುಂಟ ಸುತ್ತಲೂ ಕೆಂಪು ಉಂಗುರಗಳು. ಅದು ಬಂದದ್ದಾದರೂ ಎಂಥ ಹೊತ್ತಿನಲ್ಲಿ! ಮಗಳು ಸವಿತಾ ಮುದ್ದೇಬಿಹಾಳದ ಗಂಡನ ಮನೆಯಿಂದ ಬಾಣಂತನಕ್ಕೆ ಬಂದು ಆಗಷ್ಟೇ ನನ್ನನ್ನು ಮುತ್ಯಾ ಮಾಡಿದ್ದಳು. ಮೊಮ್ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿದೆ. ಹೆಂಡತಿ ಮಹಾದೇವಿ ಅಡ್ಡ ಬಂದಳು.

“ಆ ಕೆರಕೊಳ್ಳು ಕೈಲೇ ಕೂಸಿನ್ನ ಮುಟ್ಟಿದ್ರ ನೋಡ್ರಿ ಮತ್ತ! ಗುಣಾ ಆಗೂತನಾ ಹೊಸ್ತಿಲ ಆಚೀಕಡೆ ಇರ್ರಿ.”

ತೊಟ್ಟಿಲಿಗೆ ಹಾಕುವ ದಿನವೂ ನಾನು ಹೊಸ್ತಿಲಾಚೆಯೇ. ಊರ ಹೆಣ್ಣುಮಕ್ಕಳೆಲ್ಲ ಕೂಸನ್ನು ಕೈಯಿಂದ ಕೈಗೆ ದಾಟಿಸಿದರು, ಪುಟ್ಟ ಸೊಂಟಕ್ಕೆ ಕರಿ ಉಡದಾರ ಕಟ್ಟಿದರು. ನಾನು ಬಾಗಿಲಲ್ಲಿ ಚಪ್ಪಲಿ ಕಾಯುವವನ ಹಾಗೆ ನಿಂತಿದ್ದೆ. ಐದನೇ ತಿಂಗಳಿಗೆ ತಾಯಿ-ಮಗಳು ಮುದ್ದೇಬಿಹಾಳಕ್ಕೆ ಹೊರಡುವವರು. ಅಷ್ಟರೊಳಗೆ ಒಮ್ಮೆಯಾದರೂ ಎತ್ತಿಕೊಳ್ಳಬೇಕೆಂದು ದಿನ ಎಣಿಸತೊಡಗಿದೆ.

ಡಾಕ್ಟರ ಹತ್ತಿರ ಹೋಗಬಹುದಿತ್ತಲ್ಲ ಎನ್ನುತ್ತೀರಿ. ವಿಜ್ಞಾನದ ಮಾಸ್ತರನಿಗೆ ಡಾಕ್ಟರು ಯಾಕೆ? ಗಂಟಲುಬೇನೆಗೆ ತಂದು ಉಳಿದಿದ್ದ ಮೂರು ಆಂಟಿಬಯೋಟಿಕ್ ಗುಳಿಗೆ ಕಪಾಟಿನಲ್ಲಿದ್ದವು, ನುಂಗಿದೆ. ಉಂಗುರಗಳು ದೊಡ್ಡವಾದವು. ಆಮೇಲೆ ಔಷಧದಂಗಡಿಯವನು “ಎರಡ ದಿನದಾಗ ಅಳಿಸಿ ಹೋಗತೈತ್ರಿ” ಎಂದು ಕೊಟ್ಟ ಟ್ಯೂಬು ಹಚ್ಚಿದೆ. ಎರಡೇ ದಿನಕ್ಕೆ ಮಾಯ! ಮೂರನೇ ವಾರಕ್ಕೆ ಅದು ಬಂಧುಬಳಗವನ್ನೆಲ್ಲ ಕರೆದುಕೊಂಡು ಬೆನ್ನಿನವರೆಗೂ ಬಂತು.

ಸಿಂದಗಿಯಲ್ಲಿ ಯಾರಾದರೂ ನೋಡಿಯಾರೆಂದು ಇಂಡಿಗೆ ಬಸ್ಸು ಹತ್ತಿದೆ. ಅಲ್ಲಿ ನನ್ನ ಗುರುತಿನವರು ಯಾರಿದ್ದಾರೆ? ಚರ್ಮದ ಡಾಕ್ಟರ ಕೋಣೆಗೆ ಕಾಲಿಟ್ಟದ್ದೇ ತಡ, ಡಾಕ್ಟರ ಕುರ್ಚಿಯಲ್ಲಿದ್ದ ಹೆಣ್ಣುಮಗಳು ಎದ್ದು ನಿಂತಳು.

“ಸರ್, ಬರ್ರಿ, ಕೂಡ್ರಿ! ನಾನ್ರೀ, ರೇಣುಕಾ. ವೈರಸ್ಸಿಗೆ ಆಂಟಿಬಯೋಟಿಕ್ ಕೊಡ್ತಾರ ಅಂತ ಬರದಿದ್ದಕ್ಕ ಐವತ್ತ ಸಲ ತಿದ್ದಿ ಬರಿಸಿದ್ರಲ್ರೀ, ಅದೇ ರೇಣುಕಾ.”

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಂಗಿ ಎತ್ತಿ ತೋರಿಸಿದೆ. ಏನೇನು ತೆಗೆದುಕೊಂಡೆ ಎಂದು ಕೇಳಿದಳು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ, ಗುಳಿಗೆಯ ಕಥೆ, ಟ್ಯೂಬಿನ ಕಥೆ ಎರಡನ್ನೂ ಒಪ್ಪಿಸಿದೆ.

“ಗಜಕರ್ಣಕ್ಕ ಬ್ಯಾಕ್ಟೀರಿಯಾದ ಗುಳಗಿ?” ಎಂದು ಪೆನ್ನು ಕೆಳಗಿಟ್ಟಳು. “ಐವತ್ತ ಸಲ ಬರಿಸ್ಲೇನ್ರಿ ಸರ್?”

ನಕ್ಕಳು, ನಾನೂ ನಕ್ಕೆ. ನನ್ನದು ಅಳುವಿಗೆ ಹತ್ತಿರದ ನಗು. ಆ ಟ್ಯೂಬಿನ ಸ್ಟಿರಾಯ್ಡು ಚರ್ಮದ ಕೆಂಪು-ತುರಿಕೆಯ ಬಾಯಿ ಮುಚ್ಚಿಸಿ ಶಿಲೀಂಧ್ರಕ್ಕೆ ರಾಜಮರ್ಯಾದೆ ಕೊಟ್ಟಿದೆ ಎಂದು ತಿಳಿಸಿ, ಸರಿಯಾದ ಔಷಧ ಬರೆದುಕೊಟ್ಟಳು. ಕೊನೆಗೆ, “ಮದಲ ಆ ಉಡದಾರ ತಗೀರಿ ಸರ್. ಜಳಕಾ ಮಾಡಿದ ಮ್ಯಾಲ ಅದು ದಿನಾಪೂರ್ತಿ ಹಸೀನ ಇರತೈತಿ. ಔಷಧಿ ಹಚ್ಚಿದಂಗ ಹಚ್ಚಿದಂಗ ಅಲ್ಲಿಂದ ಮತ್ತ ಬರತೈತಿ” ಎಂದಳು.

ಔಷಧ ತಂದೆ, ಉಡದಾರ ಮುಟ್ಟಲಿಲ್ಲ. ಉಡದಾರ ಹರಿಯುವುದು ಹೆಣಕ್ಕೆ ಮಾತ್ರ ಎಂದು ಅವ್ವ ಹೇಳುತ್ತಿದ್ದಳು. ಶಿಲೀಂಧ್ರದ ಪಾಠ ಮಾಡುವ ತಲೆಯೇ ಬೇರೆ, ಸೊಂಟವೇ ಬೇರೆ ನೋಡಿ. ತಿಂಗಳಾಗುವಷ್ಟರಲ್ಲಿ ಬೆನ್ನು ಗುಣವಾಯಿತು, ದಾರದ ಕೆಳಗಿನ ಒಕ್ಕಲು ಮಾತ್ರ ಏಳಲಿಲ್ಲ. ಸವಿತಾಳ ಪ್ರಯಾಣಕ್ಕೆ ಇನ್ನೊಂದೇ ತಿಂಗಳಿತ್ತು. ಮಹಾದೇವಿ ಕತ್ತರಿ ಹಿಡಿದು ಬಂದು ಎದುರು ನಿಂತಳು.

“ದಾರ ಹರದ್ರ ಹೆಣ ಅಂತಾರ,” ಎಂದೆ.

“ಹೆಣಾ ಆಗ್ತೀರೋ, ಮುತ್ಯಾ ಆಗ್ತೀರೋ? ಒಂದ ಹೇಳ್ರಿ.”

ಕಣ್ಣು ಮುಚ್ಚಿದೆ. ಕಚಕ್ಕೆಂದಿತು. ಆ ದಿನವೆಲ್ಲ ಬದುಕಿದ್ದೇನೋ ಇಲ್ಲವೋ ಎಂದು ಆಗಾಗ ಎದೆ ಮುಟ್ಟಿ ನೋಡಿಕೊಂಡೆ. ಔಷಧ ಒಂದು ಹೊತ್ತೂ ತಪ್ಪಿಸಲಿಲ್ಲ, ಬನಿಯನ್ನುಗಳನ್ನು ಕಡು ಬಿಸಿಲಿಗೆ ಒಣಹಾಕಿದೆ. ಮತ್ತೆ ಇಂಡಿಗೆ ಹೋದಾಗ ರೇಣುಕಾ ನೋಡಿ, “ಪಾಸ್ ಆದ್ರಿ ಸರ್” ಎಂದಳು.

ಸವಿತಾ ಹೊರಡುವ ಹಿಂದಿನ ದಿನ ಮಹಾದೇವಿಯೇ ಕೂಸನ್ನು ತಂದು ನನ್ನ ತೊಡೆಯ ಮೇಲೆ ಹಾಕಿದಳು. ಅದು ನನ್ನ ಮೂಗು ಹಿಡಿದು ಬೊಚ್ಚುಬಾಯಿ ಬಿಟ್ಟು ನಕ್ಕಿತು. ಮರುಗಳಿಗೆಯೇ ಸೊಂಟದ ಸುತ್ತ ಬೆಚ್ಚಗಾಯಿತು. ಉಡದಾರವಿದ್ದ ಜಾಗದಲ್ಲೇ ತೊಯ್ದು ತೊಪ್ಪೆ.

“ಏಳ್ರಿ, ಏಳ್ರಿ! ಅರಿವಿ ಬದಲ ಮಾಡ್ರಿ! ಹಸಿ ಇದ್ದಲ್ಲೇ ಬರತೈತಿ ಅಂತ ಡಾಕ್ಟರ್ ಹೇಳ್ಯಾರಲ್ರೀ!” ಎಂದು ಮಹಾದೇವಿ ಹೌಹಾರಿದಳು.

“ಗೊತ್ತೈತಿ ತಗೋ. ಆಕೀಗೆ ಕಲಿಸಿದಾಂವ ನಾನ,” ಎಂದು ಕೂತಲ್ಲೇ ಕೂತೆ.